ಕಾಲೇಜು ಬಿಡದ ಅಂಕಪಟ್ಟಿ

ಮಾರ್ಚ್ ೪, ಮಧ್ಯಾಹ್ನ ೧
ಟೊಲೆಡೊ. ಅದೇ ವೃದ್ಧಾಶ್ರಮ, ಅದೇ ಆಯಾ ಕೆಲಸ. ಬ್ರೋನ್ಯಾ ಅಜ್ಜಿಗೆ ಸೂಪು ಕುಡಿಸಿದೆ. "ನರ್ಸು ಯಾವಾಗ ಆಗ್ತೀಯೇ? ನಾನು ಸತ್ತ ಮೇಲಾ?" ಅಂದಳು.
ನರ್ಸಿಂಗ್ ಪಾಸಾಗಿ ಒಂದೂವರೆ ವರ್ಷ. ಬಾಕಿ ಫೀಸು ಕಟ್ಟೋವರೆಗೆ ಕಾಲೇಜು ಅಂಕಪಟ್ಟಿ ಕೊಡಲ್ಲ. ಅದಿಲ್ಲದೆ ಲೈಸೆನ್ಸ್ ಪರೀಕ್ಷೆ ಇಲ್ಲ. ಸಾಲ ತೀರಿಸಲಾಗದೆ ನಾನು ದಿವಾಳಿ ಅರ್ಜಿ ಹಾಕಿದೆ. ಹಾಕಿದ ಮೇಲೆ ಯಾರೂ ವಸೂಲಿಗೆ ಪೀಡಿಸಬಾರದು — ಕಾನೂನೇ ಇದೆ. ಅಂಕಪಟ್ಟಿ ಕೊಡಿ ಅಂತ ಕೋರ್ಟು ಆದೇಶ ಮಾಡಿ, ಕಾಲೇಜಿಗೆ ದಂಡವನ್ನೂ ಹಾಕಿತು. ಅವರು ಮೇಲ್ಮನವಿ ಹಾಕಿ ಆದೇಶಕ್ಕೆ ತಡೆ ತಂದರು. ಅಲ್ಲಿಗೇ ನಿಂತಿದೆ.

ಮಾರ್ಚ್ ೧೯
ವಕೀಲೆ ಹೆಡ್ವಿಗ್ ಫೋನು. "ವೆರ್ನಾ, ಕಾಲೇಜು ರಾಜಿಗೆ ಬಂದಿದೆ. ನಾಳೆನೇ ಅಂಕಪಟ್ಟಿ ಕೊಡ್ತಾರಂತೆ. ಆದ್ರೆ ಆ ಆದೇಶ ರದ್ದಾಗಬೇಕು, ಬೇರೆ ಯಾರೂ ಅದನ್ನ ತೋರಿಸಿ ಕೇಳೋ ಹಾಗಿರಬಾರದು. ನೀವು ಬಾಯಿ ಬಿಡಬಾರದು."
"ನನ್ನ ಥರ ಇನ್ನೆಷ್ಟು ಜನ?"
"ನನಗೆ ಗೊತ್ತಿರೋರೇ ಹನ್ನೊಂದು."
ಒಂದು ದಿನ ಟೈಮ್ ಕೊಡಿ ಅಂದೆ.

ಮಾರ್ಚ್ ೨೦
ಅಜ್ಜಿ ಬೈದಳು. "ಕೈಗೆ ಬಂದದ್ದು ತಗೊಂಡ್ಬಿಡೇ ಹುಚ್ಚಿ!" ಸರಿಯೇ. ಆದರೂ ಹೆಡ್ವಿಗ್‌ಗೆ ಬೇಡ ಅಂದೆ. ಆಮೇಲೆ ಬಟ್ಟೆ ಒಗೆಯೋ ಕೋಣೆಗೆ ಹೋಗಿ ಅತ್ತೆ. ಯಂತ್ರದ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ.

ಮೇ ೮, ಸಿನ್ಸಿನಾಟಿ
ಮೇಲ್ಮನವಿ ಕೋರ್ಟು. ಮೂವರು ಜಡ್ಜ್‌ಗಳು. ಕಾಲೇಜಿನ ವಕೀಲ ಎದ್ದ — "ನಾವು ಏನೂ ಮಾಡಿಲ್ಲ ಸ್ವಾಮಿ. ಅಂಕಪಟ್ಟಿನ ಸುಮ್ಮನೆ ಇಟ್ಕೊಂಡಿದ್ವಿ, ಅಷ್ಟೇ."
ನಡುವೆ ಕೂತಿದ್ದ ಜಡ್ಜಮ್ಮ ಕನ್ನಡಕ ತೆಗೆದರು. "ಇನ್ನೊಬ್ಬರ ಕಾಲು ತುಳಿದು ನಿಂತೋರೂ ಹಾಗೇ ಹೇಳಬಹುದು — ಸುಮ್ಮನೆ ನಿಂತಿದ್ದೀನಿ ಅಂತ."
ವಕೀಲ ಕಾಗದ ತಿರುವಿದ. ಮತ್ತೆ ತಿರುವಿದ.

ಜುಲೈ ೧೭
ಗೆದ್ದೆವು! ದಂಡ ಅರ್ಧಕ್ಕಿಳಿಸಿದ್ದಾರೆ — ಇಳಿಸಲಿ. ಕೊಡದೆ ಇಟ್ಟುಕೊಂಡದ್ದೇ ತಪ್ಪು ಅಂತ ಬರೆದಿದ್ದಾರಲ್ಲ. "ಉಳಿದೋರ ಅರ್ಜಿಗೂ ಇದೇ ಹಿಡ್ಕೊಂಡು ಹೋಗ್ತೀನಿ" ಅಂತ ಹೆಡ್ವಿಗ್ ಕುಣಿಯೋದೊಂದು ಬಾಕಿ. ಅಜ್ಜಿಗೆ ಹೇಳಿದೆ. "ನನ್ನ ಮಾತು ಕೇಳದೇ ಇದ್ದದ್ದು ಒಳ್ಳೇದೇ ಆಯ್ತು, ಹೋಗು" ಅಂದಳು.

ಅಕ್ಟೋಬರ್ ೨, ಬೆಳಿಗ್ಗೆ ೭:೪೦
ಪರೀಕ್ಷಾ ಕೇಂದ್ರದ ಕಾರಿಡಾರು. ಪಕ್ಕದಲ್ಲಿ ಒಬ್ಬಾಕೆ, ನಲವತ್ತರ ಆಸುಪಾಸು. ಅದೇ ಕಾಲೇಜಂತೆ. ನಾಲ್ಕು ವರ್ಷ ಕಾದಳಂತೆ. "ಯಾರೋ ಒಬ್ಬಳು ಹಟ ಹಿಡಿದು ಕೂತಳಂತೆ ಕಣ್ರೀ, ಅದಕ್ಕೇ ನನಗೂ ಸಿಕ್ತು. ಯಾವ ತಾಯಿ ಹೆತ್ತ ಮಗಳೋ!"
ಹೇಳಲೋ, ಬೇಡವೋ...
ಬಾಗಿಲು ತೆರೆದರು. ಕರೀತಿದ್ದಾರೆ. ಇಬ್ಬರನ್ನೂ—