ಬಿಸಿ ಮುಟ್ಟಿಸುವುದು ಎಂದರೇನು, ಆಯುಕ್ತರೇ?

ಮಾನ್ಯ ನಗರ ಪೊಲೀಸ್ ಆಯುಕ್ತರೇ,

ನಾನು ಹೆದರಿದ್ದೇನೆ. ಪತ್ರವೆಂದರೆ ಮೊದಲು ಕ್ಷೇಮ ಸಮಾಚಾರ, ಆಮೇಲೆ ಅಹವಾಲು. ನನ್ನ ಕ್ಷೇಮವೇ ಅಹವಾಲಾಗಿರುವುದರಿಂದ ಎರಡನ್ನೂ ಒಟ್ಟಿಗೆ ಹೇಳಿಬಿಡುತ್ತೇನೆ. ಪತ್ರಿಕೆಯ ಅಂಕಣದಲ್ಲಿ ನಾನು ಬರೆದ ಒಂದು ವಾಕ್ಯ ನೋಡಿ, ನಾನು ಸರ್ಕಾರಿ ಕಚೇರಿಗೆ ಬೆಂಕಿ ಹಚ್ಚಿದವಳಿರಬಹುದೆಂದು ನಿಮ್ಮ ಇಲಾಖೆ ಶಂಕಿಸಿದೆ. ಸೋಮವಾರ ಎರಡನೇ ಸಲ ವಿಚಾರಣೆಗೆ ಬರಬೇಕಂತೆ. ಬರುವಾಗ ಮನೆಯವರಿಗೆ ಹೇಳಿ ಬನ್ನಿ ಎಂದು ನಿಮ್ಮ ತನಿಖಾಧಿಕಾರಿ ಫೋನಿನಲ್ಲಿ ತಿಳಿಸಿದ್ದಾರೆ. ಈ ಸೌಜನ್ಯದ ಮಾತು ಕೇಳಿದಂದಿನಿಂದ ನನಗೆ ಅನ್ನ ಸೇರುತ್ತಿಲ್ಲ.

ವಾಕ್ಯ ಇಷ್ಟೇ: ‘ದಾಖಲೆ ವಿಭಾಗಕ್ಕೆ ಯಾರಾದರೂ ಬಿಸಿ ಮುಟ್ಟಿಸದ ಹೊರತು ಕಡತ ಕದಲುವುದಿಲ್ಲ.’ ಗಂಡನ ಮರಣ ಪ್ರಮಾಣಪತ್ರಕ್ಕಾಗಿ ಆ ವಿಭಾಗಕ್ಕೆ ಅಲೆದು ಸುಸ್ತಾಗಿದ್ದ ನಮ್ಮ ಬೀದಿಯ ದರ್ಜಿ ಹೆಂಗಸಿನ ಬಗ್ಗೆ ಬರೆದ ಅಂಕಣವದು. ಸತ್ತ ಗಂಡನ ಸಹಿ ಮಾಡಿಸಿಕೊಂಡು ಬಾ ಎನ್ನುವುದೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಅಲ್ಲಿ ಆಕೆಗೆ ಹೇಳಿದ್ದರು. ಅಂಕಣ ಅಚ್ಚಾದ ಮುಂದಿನ ವಾರ ಅದೇ ವಿಭಾಗದ ಕಡತಗಳ ಕೋಣೆಗೆ ಬೆಂಕಿ ಬಿತ್ತು. ಪುಣ್ಯಕ್ಕೆ ಜನರಿಗೇನೂ ಆಗಲಿಲ್ಲ, ಕಾಗದಗಳಷ್ಟೇ ಹೋದವು. ದರ್ಜಿಯ ಗಂಡ ಈಗ ಎರಡು ಸಲ ಸತ್ತಂತಾಗಿದೆ, ಎರಡಕ್ಕೂ ಪುರಾವೆಯಿಲ್ಲ. ಆದರೆ ನಿಮಗೆ ಪುರಾವೆ ಸಿಕ್ಕಿತು. ನನ್ನ ಅಂಕಣ.

ಕನ್ನಡ ಪತ್ರಿಕೆ ಓದುವ ಯಾರನ್ನು ಬೇಕಾದರೂ ಕೇಳಿ ಮಾನ್ಯರೇ. ಬಿಸಿ ಮುಟ್ಟಿಸುವುದೆಂದರೆ ಜಡ್ಡುಗಟ್ಟಿದವರನ್ನು ಗದರಿಸಿ ಎಬ್ಬಿಸುವುದು. ದಿನ ಬೆಳಗಾದರೆ ಶಾಸಕರು ಅಧಿಕಾರಿಗಳಿಗೂ, ಅಧಿಕಾರಿಗಳು ಗುತ್ತಿಗೆದಾರರಿಗೂ ಬಿಸಿ ಮುಟ್ಟಿಸುತ್ತಲೇ ಇರುತ್ತಾರೆ. ಯಾರ ಮೈಮೇಲೂ ಒಂದು ಗುಳ್ಳೆ ಎದ್ದದ್ದನ್ನು ಕಾಣೆ. ಕಳೆದ ವರ್ಷ ನಿಮ್ಮವರು ಹೆಲ್ಮೆಟ್ ಹಾಕದವರನ್ನು ಹಿಡಿದು ನಿಲ್ಲಿಸಿದಾಗ ‘ಸವಾರರಿಗೆ ಬಿಸಿ ಮುಟ್ಟಿಸಿದ ಪೊಲೀಸರು’ ಎಂದು ನಮ್ಮ ಪತ್ರಿಕೆಯೇ ಶೀರ್ಷಿಕೆ ಕೊಟ್ಟಿತ್ತು. ಆ ಸುದ್ದಿಗೆ ಕಟ್ಟು ಹಾಕಿಸಿ ನಿಮ್ಮ ಠಾಣೆಯ ಗೋಡೆಗೆ ತೂಗುಹಾಕಿದ್ದಾರೆ. ಮೊದಲನೇ ವಿಚಾರಣೆಯ ದಿನ ನನ್ನನ್ನು ಕಾಯಲು ಕೂರಿಸಿದ್ದು ಅದರ ಕೆಳಗಿನ ಬೆಂಚಿನಲ್ಲಿ.

ಬೆಂಕಿ ಹಚ್ಚಲು ಹೊರಟವಳು ವಾರ ಮೊದಲೇ ತನ್ನ ಭಾವಚಿತ್ರದ ಸಮೇತ ಅದನ್ನು ಪ್ರಕಟಿಸುತ್ತಾಳೆಯೇ? ದರ್ಜಿಯ ಕಾಗದ ಕೊಡಿ ಎಂದು ಅಂಕಣದಲ್ಲಿ ಗೋಗರೆದವಳೇ ಕಾಗದ ಸುಡುತ್ತಾಳೆಯೇ? ಅದೇ ಅಂಕಣದ ಕೊನೆಯಲ್ಲಿ, ಆ ಕೋಣೆಯ ಸೂರಿನಿಂದ ಸಿಪ್ಪೆ ಸುಲಿದ ಕರೆಂಟಿನ ತಂತಿಗಳು ಕಡತಗಳ ಮೇಲೆ ಜೋತುಬಿದ್ದಿವೆ ಎಂದೂ ಬರೆದಿದ್ದೆ. ನಿಮ್ಮವರು ಕತ್ತರಿಸಿಟ್ಟುಕೊಂಡ ತುಣುಕಿನಲ್ಲಿ ಆ ಭಾಗ ಇಲ್ಲ, ಕತ್ತರಿ ಅದಕ್ಕಿಂತ ಮುಂಚೆಯೇ ತಿರುಗಿಕೊಂಡಿದೆ. ಇಲ್ಲಿ ಕುಂಬಳಕಾಯಿಯ ಗಾದೆಯೊಂದು ನಾಲಿಗೆಯ ತುದಿಗೆ ಬಂದಿತ್ತು. ಹೆಗಲು ಮುಟ್ಟಿ ನೋಡಿಕೊಳ್ಳುವವರು ಬೇಸರ ಮಾಡಿಕೊಂಡಾರೆಂದು ನುಂಗಿಕೊಂಡೆ.

ಸಮನ್ಸಿನಲ್ಲಿ ನನ್ನ ಹೆಸರಿನ ಮುಂದೆ ‘ಅಲಿಯಾಸ್ ಗಾದೆ ಅಕ್ಕ’ ಎಂದಿದೆ. ಮಾತಿಗೊಂದು ಗಾದೆ ಎಸೆಯುತ್ತೇನೆಂದು ನಮ್ಮ ಸುದ್ದಿಮನೆಯ ಹುಡುಗಿಯರು ಪ್ರೀತಿಯಿಂದ ಇಟ್ಟ ಹೆಸರದು. ಕಳ್ಳರ ಸಾಲಿನಲ್ಲಿ ನನಗೂ ಒಂದು ಅಲಿಯಾಸ್ ಸಿಕ್ಕಿತಲ್ಲ ಎಂದು ನಗು ಬಂತು. ನಗು ಮುಗಿಯುವ ಮೊದಲೇ ಇನ್ನೊಂದು ಹೊಳೆಯಿತು. ಆ ಹೆಸರು ಸುದ್ದಿಮನೆಯ ಬಾಗಿಲು ದಾಟಿದ್ದೇ ಇಲ್ಲ. ನಿಮಗೆ ಯಾರು ಹೇಳಿದರು? ಈಗ ಪಕ್ಕದ ಮೇಜಿನವಳು ಊಟ ಆಯ್ತಾ ಅಕ್ಕ ಎಂದರೂ ಯಾಕೆ ಕೇಳಿದಳೆಂದು ಯೋಚಿಸುತ್ತೇನೆ. ಕಾಲು ಶತಮಾನ ಕೂತು ಬರೆದ ಕೋಣೆಯಲ್ಲಿ ಬೆನ್ನು ಗೋಡೆಗಿರಲೆಂದು ಕುರ್ಚಿ ತಿರುಗಿಸಿಕೊಂಡಿದ್ದೇನೆ. ಸಂಪಾದಕರು ಒಳ್ಳೆಯವರು, ಆದರೆ ಅವರೂ ಹೆದರಿದ್ದಾರೆ. ಸದ್ಯಕ್ಕೆ ಹವಾಮಾನದ ಬಗ್ಗೆ ಏನಾದರೂ ಬರೆಯಿರಿ ಎಂದರು. ‘ಈ ವಾರ ಕಾವು ಏರಲಿದೆ’ ಎಂದು ಬರೆದೆ. ಆಮೇಲೆ ಅಳಿಸಿದೆ.

ಮನೆಯಲ್ಲಿ ಇರುವುದು ನಾನು ಮತ್ತು ಅಮ್ಮ. ನನ್ನ ಗಾದೆಗಳೆಲ್ಲ ಅವಳಿಂದ ಬಂದ ಆಸ್ತಿ, ಅವಳ ಬಾಯಿ ನನ್ನದಕ್ಕಿಂತ ಜೋರು. ಮೊನ್ನೆ ಆಫೀಸಿಗೆ ಫೋನ್ ಮಾಡಿ, ಗ್ಯಾಸಿನವನು ಸಿಲಿಂಡರ್ ತಂದಿಲ್ಲ, ಅವನ ಅಂಗಡಿಗೆ ಬೆಂಕಿ ಬೀಳ ಎಂದು ಶುರುಮಾಡಿದಳು. ನಾನು ಫೋನ್ ಕಟ್ ಮಾಡಿಬಿಟ್ಟೆ. ಮನೆಗೆ ಹೋಗಿ, ಇನ್ನು ಮುಂದೆ ಫೋನಿನಲ್ಲಿ ಯಾರ ಮೇಲೂ ಬೆಂಕಿ ಬೀಳಿಸಬೇಡಮ್ಮಾ ಎಂದು ಕೈಮುಗಿದೆ.

“ಹಾಗಾದ್ರೆ ನಾನು ಏನಂತ ಮಾತಾಡ್ಲಿ, ಹೇಳೇ?” ಎಂದಳು.

ಅವತ್ತಿನಿಂದ ಫೋನಿನಲ್ಲಿ ಅವಳು ಹೂಂ, ಉಹೂಂ ಬಿಟ್ಟು ಬೇರೆ ಮಾತಾಡುವುದಿಲ್ಲ. ನನಗೆ ಅಕ್ಷರಕ್ಕಿಂತ ಮೊದಲು ಮಾತು ಕಲಿಸಿದವಳನ್ನು ನಾನೇ ಮೂಕಿ ಮಾಡಿದೆನಲ್ಲ ಎಂದು ಸಂಕಟವಾಗುತ್ತದೆ.

ಇನ್ನು ನಾನು ಈ ಪತ್ರ ಬರೆಯಲು ನಿಜವಾದ ಕಾರಣ. ಮೊದಲನೇ ವಿಚಾರಣೆಯಲ್ಲಿ ನಿಮ್ಮ ತನಿಖಾಧಿಕಾರಿ ಮರ್ಯಾದೆಯಿಂದಲೇ ನಡೆದುಕೊಂಡರು. ಕುರ್ಚಿ ಕೊಟ್ಟರು, ಟೀ ತರಿಸಿದರು. ಬಿಸಿ ಅಂದರೆ ಎಷ್ಟು ಬಿಸಿ, ಯಾರ ಕೈಯಿಂದ ಮುಟ್ಟಿಸುವ ಯೋಚನೆ ಇತ್ತು ಎಂದೆಲ್ಲ ಕೇಳಿದರು. ನಾನು ಶಾಲೆಯ ಮೇಷ್ಟ್ರ ಹಾಗೆ ನುಡಿಗಟ್ಟು ಎಂದರೇನು, ವಾಚ್ಯಾರ್ಥ ಎಂದರೇನು ಎಂದು ಉದಾಹರಣೆ ಸಹಿತ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು ಪೆನ್ನಿನ ಮುಚ್ಚಳ ಹಾಕಿದರು.

“ಕನ್ನಡ ನಮಗೂ ಬರುತ್ತೆ ಮೇಡಂ,” ಎಂದರು. “ನಿಮಗೂ ಒಂಚೂರು ಬಿಸಿ ಮುಟ್ಟಿಸ್ಬೇಕು ಅನ್ಸುತ್ತೆ.”

ಹೇಳಿ ನಕ್ಕರು. ಟೀ ಲೋಟವನ್ನು ನನ್ನ ಕಡೆ ಸರಿಸಿದರು. ಮೂಲೆಯಲ್ಲಿ ನನ್ನ ಹೇಳಿಕೆ ಟೈಪ್ ಮಾಡುತ್ತಿದ್ದ ಕಾನ್‌ಸ್ಟೆಬಲ್ ಆ ಒಂದು ವಾಕ್ಯಕ್ಕೆ ಮಾತ್ರ ಕೈ ನಿಲ್ಲಿಸಿದರು. ನಾನು ಲೋಟ ಮುಟ್ಟಲಿಲ್ಲ.

ಮಾನ್ಯರೇ, ಜೀವಮಾನವೆಲ್ಲ ನಾನು ತಿಂದ ಅನ್ನ ಈ ಭಾಷೆಯದು. ಒಂದು ಮಾತು ಕಿವಿಗೆ ಬಿದ್ದರೆ ಅದರ ಅರ್ಥ ಹೇಳಬಲ್ಲೆ ಎಂಬ ಜಂಬ ನನಗಿತ್ತು. ಆ ಕೋಣೆಯಲ್ಲಿ, ನಾನೇ ಬರೆದ ಮಾತು ತಿರುಗಿ ನನ್ನ ಕಡೆಗೆ ಬಂದಾಗ, ಅದರ ಅರ್ಥವೇನೆಂದು ನನಗೆ ಗೊತ್ತಾಗಲಿಲ್ಲ. ಅವರು ಹೇಳಿದ್ದು ಗದರಿಕೆಯೋ, ತಮಾಷೆಯೋ, ನಿಜಕ್ಕೂ ಬಿಸಿಯೋ? ಸೋಮವಾರ ಅದೇ ಕೋಣೆಗೆ, ಅದೇ ಕುರ್ಚಿಗೆ ನಾನು ಒಬ್ಬಳೇ ಬರಬೇಕು.

ಆದ್ದರಿಂದ ನನ್ನ ಬೇಡಿಕೆ ಒಂದೇ. ಬಿಸಿ ಮುಟ್ಟಿಸುವುದು ಎಂಬುದಕ್ಕೆ ನಿಮ್ಮ ಇಲಾಖೆಯಲ್ಲಿ ಏನು ಅರ್ಥವೆಂದು ಸೋಮವಾರಕ್ಕೆ ಮುಂಚೆ ಬರೆದು, ಸಹಿ ಹಾಕಿ ಕೊಡಿ. ಅರ್ಥ ಒಂದೇ ಇರಲಿ, ನನಗೂ ನಿಮ್ಮ ಅಧಿಕಾರಿಗೂ ಸಮನಾಗಿ ಅನ್ವಯಿಸಲಿ. ಅದು ಬರೀ ಮಾತು ಎನ್ನುವುದಾದರೆ ನನ್ನ ಮೇಲಿನ ಶಂಕೆಯನ್ನು ಕೈಬಿಡಿ. ಬರೀ ಮಾತಲ್ಲ ಎನ್ನುವುದಾದರೆ, ಮನೆಯವರಿಗೆ ಹೇಳಿ ಬನ್ನಿ ಎಂದಿದ್ದೀರಲ್ಲ, ಅಮ್ಮನಿಗೆ ಏನಂತ ಹೇಳಿ ಬರಲಿ ಎಂಬುದನ್ನೂ ಅದರಲ್ಲೇ ಬರೆದುಬಿಡಿ.

ಇಂತಿ,
ಸೋಮವಾರದವರೆಗಂತೂ ತಮ್ಮ ವಿಶ್ವಾಸಿ,
ಗಾದೆ ಅಕ್ಕ
(ಗಾದೆಗಳ ಸರಬರಾಜು ಸದ್ಯಕ್ಕೆ ನಿಂತಿದೆ)