ಮಡಿಲಿಗೆ ಹಾಕಿದ ಸಾಮೆ

ಊರಿಗಾಂ, ಕೆ.ಜಿ.ಎಫ್.
4 ಜೂನ್ 2025, ಬುಧವಾರ

ನನ್ನ ಪ್ರೀತಿಯ ಸುಮಲತ,

ಚೆನ್ನಾಗಿದ್ದೀಯೇನಮ್ಮ? ಅಳಿಯ ಮೂರ್ತಿ, ನಿನ್ನ ಅತ್ತೆ ಹೇಗಿದ್ದಾರೆ? ಅಲ್ಲಿಯ ಒಲೆಗೂ ಇಲ್ಲಿಯ ಹಾಗೆ ಬೈಯುತ್ತಿದ್ದೀಯಾ? ನನ್ನ ಮಂಡಿನೋವು ಹಾಗೇ ಇದೆ. ಎರಡು ಸಲ ಫೋನ್ ಮಾಡಿದೆ, ಊಟವಾಯಿತಾ ಎಂದಷ್ಟೇ ಕೇಳಿ ಇಟ್ಟುಬಿಟ್ಟೆ. ನಾಚಿಕೆಯಾಗುತ್ತದೆ ಮಗಳೇ. ನಿನ್ನಪ್ಪ ಕಳ್ಳತನ ಮಾಡಿದ್ದಾನೆ.

ಬಂಗಾರಪೇಟೆ ರಸ್ತೆಯಲ್ಲಿ ನಾನು ಕಾವಲಿರುವ ಪ್ರಯೋಗದ ಹೊಲ ಗೊತ್ತಲ್ಲ, ಅಲ್ಲಿ ಬೆಳೆದದ್ದು ಜೀನ್ ತಿದ್ದಿದ ಸಾಮೆ. ವಿಜ್ಞಾನಿ ಕಲ್ಪನ ಮೇಡಂ ಒಮ್ಮೆ ನಾಲ್ಕು ಕಾಳು ನನ್ನ ಅಂಗೈಗೆ ಹಾಕಿ ಉಜ್ಜಲು ಹೇಳಿದರು. ಉಜ್ಜಿ ಊದಿದೆ, ಹೊಟ್ಟು ಹಾರಿ ಬಿಳಿ ಅಕ್ಕಿ ಉಳಿಯಿತು. ಒನಕೆಯೂ ಬೇಡ, ಮಿಲ್ಲೂ ಬೇಡ. ನನಗೆ ನೆನಪಾದದ್ದು ನಿನ್ನ ಕೈ. ಅಮ್ಮ ತೀರಿಕೊಂಡಾಗ ನಿನಗೆ ಹನ್ನೊಂದು ವರ್ಷ. ಕೂಲಿಗೆ ಬಂದ ಐದು ಸೇರು ಸಾಮೆಗೆಲ್ಲ ಯಂತ್ರ ಹಾಕುವುದಿಲ್ಲ ಎಂದ ಮಿಲ್ಲಿನವನು. ನೀನು ಕುಟ್ಟಿದೆ, ಅಂಗೈಯ ಬೊಬ್ಬೆ ಒಡೆಯಿತು, ನಾನು ಉಂಡೆ.

ಪರೀಕ್ಷೆ ಮುಗಿಯುವವರೆಗೆ ಒಂದು ಕಾಳೂ ಬೇಲಿ ದಾಟಬಾರದು. ಸಂಜೆ ಕೂಲಿ ಹೆಂಗಸರ ಬುತ್ತಿ, ಎಲೆಅಡಿಕೆ ಚೀಲ ಬಿಚ್ಚಿಸಿ ನೋಡುವವನು ನಾನೇ. ನನ್ನನ್ನು ನೋಡುವವರಿಲ್ಲ. ಕೊಯ್ಲಿನ ದಿನ ಹತ್ತು ತೆನೆ ಉದುರಿಸಿ ಟೋಪಿಯೊಳಗೆ ಹಾಕಿಕೊಂಡು ಬಂದೆ. ನಿನ್ನ ತಾತ ಮೂವತ್ತು ವರ್ಷ ಗಣಿಯಿಂದ ಮೇಲೆ ಬಂದು ದಿನವೂ ತಪಾಸಣೆಗೆ ಕೈ ಎತ್ತಿ ನಿಂತವರು. ಒಂದು ಚೂರು ಕಲ್ಲೂ ತಂದವರಲ್ಲ.

ನೀನು ಗಂಡನ ಮನೆಗೆ ಹೊರಟಾಗ ಅಮ್ಮನ ಜಾಗದಲ್ಲಿ ನಿಂತು ಮಡಿಲು ತುಂಬಿದವಳು ಪಕ್ಕದ ಮನೆಯ, ಅದೇ ಹೊಲಕ್ಕೆ ಕೂಲಿಗೆ ಬರುವ ಆದಿಲಕ್ಷ್ಮಮ್ಮ. ಗಂಡನ ಹೊಲದ ಮೊದಲ ಬಿತ್ತನೆಗೆಂದು ಮಡಿಲಕ್ಕಿಯ ಜೊತೆ ಒಂದು ಹಿಡಿ ಸಾಮೆ ಹಾಕುವುದು ನಮ್ಮ ಮನೆಯ ಪದ್ಧತಿಯಲ್ಲವೇ? ಅವಳ ಕೈಗೆ ಕದ್ದ ಸಾಮೆ ಕೊಟ್ಟೆ. "ನಿಮ್ಮವ್ವ ಇದ್ದಿದ್ರೆ ಅವ್ಳೇ ಆಕ್ತಿದ್ಲು ತಾಯಿ" ಎಂದು ಪಾಪ, ಏನೂ ತಿಳಿಯದೆ ಅತ್ತಳು.

ಹೋದ ವಾರ ಎಣಿಸಿದಾಗ ಹತ್ತು ತೆನೆ ಕಡಿಮೆ ಬಂತು. ಆ ಸಾಲು ಕೊಯ್ದವಳು ಆದಿಲಕ್ಷ್ಮಮ್ಮ, ಹಾಗಾಗಿ ಅವಳನ್ನೇ ಕೆಲಸದಿಂದ ತೆಗೆದರು. ಗೇಟಿನಲ್ಲಿ ನಿಂತು "ಕೊಂಡಣ್ಣ, ದಿನಾ ಚೀಲ ನೋಡ್ತಿದ್ದೋನು ನೀನೇ, ನೀನಾದ್ರೂ ಯೋಳಣ್ಣ" ಎಂದಳು. ನಾನು ಬೀಗ ಸರಿಮಾಡುವವನಂತೆ ತಿರುಗಿಕೊಂಡೆ. ಕದ್ದದ್ದಕ್ಕಿಂತ ಅದು ಹೇಸಿಗೆ ಕಣಮ್ಮ. ನಾಳೆ ಮೇಡಂ ಮುಂದೆ ಒಪ್ಪಿಕೊಳ್ಳುತ್ತೇನೆ. ಕೆಲಸ ಹೋದರೆ ಹೋಗಲಿ.

ನಿಮ್ಮಿಬ್ಬರ ಸಂಸಾರ ತಣ್ಣಗಿರಲಿ. ಅತ್ತೆಗೆ ನಮಸ್ಕಾರ ಹೇಳು, ಕಾಗದ ತೋರಿಸುವುದು ಬಿಡುವುದು ನಿನ್ನಿಷ್ಟ.

ನಿನ್ನ ಅಪ್ಪ,
ಕೊಂಡಪ್ಪ

ಮತ್ತೆ: ನಿಮ್ಮೂರ ಬಸ್ಸಿನ ಕಂಡಕ್ಟರ್ ವೆಂಕಟೇಶಪ್ಪನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ, ಅವನು ಅವಸರ ಮಾಡುತ್ತಿದ್ದಾನೆ. ಆ ಸಾಮೆ ಬಿತ್ತಬೇಡ. ಮಡಿಲಿಗೆ ಹಾಕಿದ್ದನ್ನು ತವರಿನವರು ವಾಪಸ್ ಕೇಳಬಾರದು, ನಾನು ಕೇಳುತ್ತಿದ್ದೇನೆ. ನಾಳೆ ಬಂದು ತೆಗೆದುಕೊಂಡು ಹೋಗಿ, ಅದನ್ನು ಮೇಡಂ ಮುಂದಿಟ್ಟೇ ಎಲ್ಲ ಹೇಳುತ್ತೇನೆ. ಆದಿಲಕ್ಷ್ಮಮ್ಮನಿಗೆ ಈಗಷ್ಟೇ ಹೇಳಿ ಬಂದೆ. ಬೈಯುತ್ತಾಳೆಂದು ನಿಂತಿದ್ದೆ. ಅವಳು ಒಳಗೆ ಹೋಗಿ, ತನ್ನ ಮನೆಯ ಸಾಮೆ ಒಂದು ಹಿಡಿ ಗಂಟು ಕಟ್ಟಿ ತಂದಳು. "ಮಗೀನ ಮಡ್ಲು ಬರಿದಾಗ್ಬಾರ್ದು" ಎಂದು ನನ್ನ ಕೈಗೆ ಕೊಟ್ಟು, ಮುಖ ನೋಡದೆ ಬಾಗಿಲು ಹಾಕಿಕೊಂಡಳು.