ನರಿಯ ಮಾತು, ನನ್ನ ದನಿ

ಹನ್ನೊಂದನೇ ತಾರೀಕು, ಸೋಮವಾರ

ಮುದ್ದಿನ ತಮ್ಮನಿಗೆ,

ನಿನ್ನ ಅಕ್ಕ ಬದುಕಿದ್ದಾಳೆ, ಬೈಯುವ ಶಕ್ತಿಯೂ ಉಳಿದಿದೆ. ನೀನು, ನಿನ್ನ ಹೆಂಡತಿ, ಪುಟ್ಟಿ ಚೆನ್ನಾಗಿದ್ದೀರೆಂದು ಅಂದುಕೊಂಡಿದ್ದೇನೆ. ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ಎಷ್ಟೋ ಸಲ ಬರೆಯಲು ಕೂತೆ. ‘ಇಲ್ಲಿ ಎಲ್ಲ ಕ್ಷೇಮ’ ಎಂದು ಬರೆದ ಕೂಡಲೇ ಅದು ಸುಳ್ಳೆನಿಸಿ, ಕಾಗದ ಹರಿದು ಹಾಕಿದೆ.

ಪುಟ್ಟಿಗೆ ಹಲ್ಲು ಬಂತೇ? ಅಮ್ಮನ ಮಂಡಿ ಹಾಗೇ ಇದೆ, ಬಾಯಿ ಮಾತ್ರ ಇನ್ನಷ್ಟು ಚುರುಕಾಗಿದೆ. ನೀನು ಬಿಟ್ಟುಹೋದ ಟೇಪಿನ ಡಬ್ಬದಲ್ಲಿ ಬೆಕ್ಕು ಮರಿ ಹಾಕಿದೆ. ಎತ್ತಿಡಲು ಹೋದರೆ ಪರಚುತ್ತದೆ.

ನಮ್ಮ ರೇಡಿಯೊ ನಿಲಯದ ವಿಷಯ ನಿನಗೆ ಗೊತ್ತಿದ್ದದ್ದೇ. ಆದರೂ ನನ್ನದು ಮೈಕಿನ ಮುಂದೆ ಮಕ್ಕಳಿಗೆ ಕಥೆ ಹೇಳುವ ಬಾಯಿ, ಬುಡದಿಂದ ಹೇಳದಿದ್ದರೆ ಸಮಾಧಾನವಿಲ್ಲ. ರೇಡಿಯೊ ಎಂಬ ಕೂಸು ಹುಟ್ಟಿದಾಗ ವ್ಯಾಪಾರಿಗಳು ‘ನಮ್ಮ ಮಡಿಲಿಗೆ ಹಾಕಿ’ ಎಂದರಂತೆ. ಸರ್ಕಾರ ‘ನನ್ನದು’ ಎಂದಿತಂತೆ. ಜನ ಎರಡಕ್ಕೂ ಒಪ್ಪಲಿಲ್ಲ. ‘ವರ್ಷಕ್ಕೊಮ್ಮೆ ಲೈಸನ್ಸಿನ ದುಡ್ಡು ನಾವು ಕಟ್ಟುತ್ತೇವೆ, ಕೂಸು ಎಲ್ಲರದು’ ಎಂದರು. ಹಾಗೇ ಕಾನೂನಾಯಿತು. ಜಾಹೀರಾತಿಲ್ಲ, ಸುದ್ದಿಯೊಳಗೆ ಮಂತ್ರಿಯ ಕೈಯಿಲ್ಲ. ಆಮೇಲೆ ಬಂದ ಪ್ರತಿ ಸರ್ಕಾರವೂ ಅದನ್ನು ಚಿವುಟಿದ್ದೇ. ಒಬ್ಬರು ಸುದ್ದಿಯ ಹೊತ್ತನ್ನು ಕಡಿದರು, ಇನ್ನೊಬ್ಬರು ತಮ್ಮ ಭಾವಮೈದುನನನ್ನು ನಿರ್ದೇಶಕರ ಕುರ್ಚಿಯಲ್ಲಿ ಕೂರಿಸಿದರು. ಕೂಸು ಅತ್ತಿತು, ಸಾಯಲಿಲ್ಲ.

ಎಷ್ಟು ಕಟ್ಟುನಿಟ್ಟಾಗಿದ್ದೆವು ನಾವು! ಸಂದರ್ಶನದಲ್ಲಿ ಅಜ್ಜಿಯೊಬ್ಬಳು ತನ್ನ ಸೋಪಿನ ಹೆಸರು ಹೇಳಿಬಿಟ್ಟಳೆಂದು, ನೀನು ಆ ಹೆಸರಿದ್ದ ಟೇಪಿನ ತುಂಡನ್ನು ಬ್ಲೇಡಿನಲ್ಲಿ ಕತ್ತರಿಸಿ ತೆಗೆದು ಅಲ್ಲಿ ನನ್ನ ಕೆಮ್ಮು ಅಂಟಿಸಿದ್ದೆ. ವಾರವಿಡೀ ಜನ ನನಗೆ ಔಷಧಿ ತಂದುಕೊಟ್ಟರು. ಏನೇ ಕತ್ತರಿಸಿದರೂ ಮಾತಿಗೆ ಮುಂಚಿನ ಉಸಿರನ್ನು ಮಾತ್ರ ನೀನು ಮುಟ್ಟಿದವನಲ್ಲ. ಮಿಕ್ಕ ಸಂಕಲನಕಾರರೆಲ್ಲ ಅದನ್ನು ಕತ್ತರಿಸಿ ಬುಟ್ಟಿಗೆ ಎಸೆಯುತ್ತಿದ್ದರು. ‘ಏನಯ್ಯಾ ಇದು, ಎಮ್ಮೆ ಬುಸುಗುಟ್ಟಿದ ಹಾಗೆ!’ ಎಂದು ಹಳೆಯ ನಿರ್ದೇಶಕರು ಗದರಿದಾಗ ನೀನು, ‘ಉಸಿರಿಲ್ಲದಿದ್ರೆ ಗೋಡೆ ಮಾತಾಡ್ದಂಗಿರುತ್ತೆ ಸಾರ್’ ಎಂದಿದ್ದೆ. ನಾನು ಎಷ್ಟು ಹೆಮ್ಮೆಪಟ್ಟಿದ್ದೆ!

ನೀನು ವರ್ಗವಾಗಿ ರಾಜಧಾನಿಯ ನಿಲಯಕ್ಕೆ ಹೋದ ಮೇಲೆ ಹೊಸ ಮಸೂದೆ ಬಂತಲ್ಲ, ಲೈಸನ್ಸು ರದ್ದು, ಜಾಹೀರಾತು ಬರಲಿ, ಸುದ್ದಿ ಮಂತ್ರಿಗಳ ಕಚೇರಿಯಿಂದಲೇ ಬರಲಿ ಎಂದು. ಇಲ್ಲಿಯ ಕೇಳುಗರು ನಮ್ಮ ಗೇಟಿನ ಮುಂದೆ ಕಂಬಳಿ ಹಾಸಿ ಕೂತರು. ಶಾಸನಸಭೆಯಲ್ಲಿ ಮತದಾನ ಮುಗಿಯುವ ತನಕ ಏಳುವುದಿಲ್ಲ ಎಂದರು. ಊರೂರಲ್ಲೂ ಹಾಗೇ ಕೂತಿದ್ದರಂತೆ. ಮಸೂದೆ ಬಿದ್ದೇಹೋಗುತ್ತದೆ ಎಂದುಕೊಂಡಿದ್ದೆವು.

ಮತದಾನದ ಹಿಂದಿನ ಸಂಜೆ ನಾನು ದರ್ಜಿಯ ಅಂಗಡಿಯಲ್ಲಿ ಕೋಟಿನ ತೋಳು ಅಳೆಸಿಕೊಳ್ಳುತ್ತಿದ್ದೆ. ಮೂಲೆಯಲ್ಲಿ ರೇಡಿಯೊ ಹಾಡುತ್ತಿತ್ತು. ಹಾಡು ನಿಂತಿತು. ರಾಜಧಾನಿಯಿಂದ ವಿಶೇಷ ಪ್ರಕಟಣೆ ಎಂದರು. ಆಮೇಲೆ ನಾನು ಮಾತಾಡಿದೆ.

ಹೌದು ಕಣೋ, ನಾನೇ. ಬಾಯಿ ಮುಚ್ಚಿಕೊಂಡು, ಒಂದು ತೋಳು ಚಾಚಿ ನಿಂತಿದ್ದ ನಾನು, ಮೂಲೆಯಿಂದ ಮಾತಾಡಿದೆ. ‘ಮಕ್ಕಳೇ, ಹೆದರಬೇಡಿ. ನಮ್ಮ ಮನೆಗೆ ಹೊಸ ಯಜಮಾನರು ಬರುತ್ತಿದ್ದಾರೆ. ಬಹಳ ಒಳ್ಳೆಯವರು. ನನ್ನನ್ನು ನಂಬಿ. ಎದ್ದು ಮನೆಗೆ ಹೋಗಿ.’

ದರ್ಜಿಯ ಟೇಪು ಕೈಯಿಂದ ಜಾರಿತು. ಅವನು ರೇಡಿಯೊ ನೋಡಿದ, ನನ್ನನ್ನು ನೋಡಿದ.

‘ಅಕ್ಕಾ... ನೀವು ಇಲ್ಲೇ ಇದ್ದೀರಲ್ಲ?’

ನನ್ನ ದನಿ ಆ ರೇಡಿಯೊದೊಳಗೆ ಹೊರಟುಹೋಗಿತ್ತು. ಪಿನ್ನು ಚುಚ್ಚಿದ ಕೋಟಿನಲ್ಲೇ ಗೇಟಿಗೆ ಓಡಿದೆ. ಅಷ್ಟರಲ್ಲಿ ಎಲ್ಲರೂ ಎದ್ದಿದ್ದರು. ಸೈಕಲ್ ರಿಪೇರಿಯವನು ಕಂಬಳಿ ಸುತ್ತುತ್ತಿದ್ದ.

‘ಹೋಗ್ಬೇಡಿ, ನಾನು ಹೇಳಿಲ್ಲ!’ ಎಂದೆ.

‘ಏನಕ್ಕಾ ತಮಾಷೆ ಮಾಡ್ತೀರಾ? ನಿಮ್ ದನಿ ನನಗೆ ಗೊತ್ತಿಲ್ವಾ? ನಮ್ಮನೇಲಿ ಮೂರು ಮಕ್ಕಳೂ ನಿಮ್ ಕಥೆ ಕೇಳಿಯೇ ಊಟ ಮಾಡಿ ಬೆಳೆದವು. ಬೇರೆ ಯಾರು ಹೇಳಿದ್ರೂ ನಾವು ಏಳ್ತಿರಲಿಲ್ಲ.’

ಆ ಕೊನೆಯ ಮಾತು ಈಗಲೂ ಎದೆಯಲ್ಲಿ ನಾಟಿದೆ. ಮಾರನೆಯ ದಿನ ಮಸೂದೆ ಪಾಸಾಯಿತು. ಈಗ ಅವನು ನನ್ನನ್ನು ಕಂಡರೆ ಚಕ್ರದ ಕಡ್ಡಿ ಎಣಿಸುತ್ತಾನೆ, ಮುಖ ಎತ್ತುವುದಿಲ್ಲ. ಪ್ರತಿಭಟಿಸಿ ಪತ್ರಿಕೆಗೆ ಬರೆದೆ, ಹಾಕಲಿಲ್ಲ. ಕಥೆಯ ಹೊತ್ತಿನಲ್ಲಿ ಈಗ ಹಲ್ಲುಪುಡಿಯ ಹಾಡು ಬರುತ್ತದೆ.

ಆ ಮಾತುಗಳನ್ನು ನಾನು ಯಾವಾಗ ಆಡಿದೆ ಎಂದು ತಲೆ ಕೆಡಿಸಿಕೊಂಡು ಕೂತಿದ್ದಾಗ, ಗುಟ್ಟು ಬಿಡಿಸಿದ್ದು ಅಮ್ಮ.

‘ಅಯ್ಯೋ ಪೆದ್ದೆ, ಅದು ನಿನ್ನ ನರಿ ಕಣೇ! ಕೋಳಿಗೂಡಿನ ಮುಂದೆ ಬಂದು ‘ನನ್ನನ್ನು ನಂಬಿ’ ಅನ್ನುತ್ತಲ್ಲ, ಆ ನರಿ. ಹೊಸ ಯಜಮಾನರು ಅಂದಿದ್ದು ಕತ್ತೆ ಮಾರೋನ ಕಥೇಲಿ.’

ನಿಜವೇ. ನನ್ನ ಕಥೆಗಳನ್ನೇ ಕೊಯ್ದು, ತುಂಡು ತುಂಡು ಜೋಡಿಸಿದ್ದರು. ಕೋಳಿಗಳಿಗೆ ಮೋಸ ಮಾಡಲೆಂದು ನಾನು ನರಿಗೆ ಕೊಟ್ಟ ದನಿಯಲ್ಲೇ ನನ್ನ ಜನರನ್ನು ಎಬ್ಬಿಸಿ ಕಳಿಸಿದರು. ಅಮ್ಮನಿಗೆ ಕೋಪ ನೆತ್ತಿಗೇರಿತು. ‘ನನ್ನ ಮಗಳ ನಾಲಿಗೆ ಕಿತ್ತವನು ಯಾವನೋ, ಅವನ ಕೈ...’ ಎಂದು ಶಾಪಕ್ಕೆ ಬಾಯಿ ತೆರೆದಳು. ಓಡಿಹೋಗಿ ಅವಳ ಬಾಯಿ ಮುಚ್ಚಿದೆ. ‘ಬಿಡೇ, ನಿನಗೇನು ಹುಚ್ಚಾ?’ ಎಂದು ಕೈ ಕಚ್ಚಿದಳು. ಗುರುತು ಇನ್ನೂ ಇದೆ.

ಪುಟ್ಟಿಯನ್ನು ಥಂಡಿಗೆ ಬಿಡಬೇಡ. ನಿನ್ನ ಹೆಂಡತಿಯ ಮಾತು ಕೇಳು. ನಿನಗೆ ಒಳ್ಳೆಯದಾಗಲಿ, ಹೊಟ್ಟೆ ತಣ್ಣಗಿರಲಿ, ರಾತ್ರಿ ನಿದ್ದೆ ಬರಲಿ.

ನಿನ್ನ ಅಕ್ಕ

ತಾಜಾಕಲಂ: ‘ನನ್ನನ್ನು ನಂಬಿ’ ಎನ್ನುವುದಕ್ಕೆ ಮುಂಚೆ ನನ್ನ ಉಸಿರು ಹಾಗೇ ಇತ್ತು. ಪ್ರತಿ ತುಂಡಿನ ಮುಂದೆಯೂ ಇತ್ತು. ಅಮ್ಮನಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ನಿನ್ನನ್ನು ಹೆದರಿಸಿದರೋ, ಏನಾದರೂ ಕೊಟ್ಟರೋ, ಅದನ್ನು ಕೇಳುವುದಿಲ್ಲ. ಒಂದನ್ನು ಮಾತ್ರ ಬರೆ ತಮ್ಮಾ. ಅಕ್ಕನಿಗೆ ಗೊತ್ತಾಗಲಿ ಎಂದು ಆ ಉಸಿರನ್ನು ಬಿಟ್ಟೆಯೋ, ಇಲ್ಲ, ಬರೀ ಕೈಯ ಅಭ್ಯಾಸವೋ?